ಉರುಟು ಐದು

ಮುಂದಿನ ಕಾರು ಸೌದಿಯದ್ದು, ನಂಬರ್ ಪ್ಲೇಟಿನಲ್ಲಿ ಮೇಲೆ ಅರಬಿ ಅಂಕಿ, ಕೆಳಗೆ ಇಂಗ್ಲಿಷ್ ಅಂಕಿ, ಮೇಲಿನ ಸಾಲಿನಲ್ಲಿ ಎರಡು ಉರುಟು, ಸೊನ್ನೆಯ ಹಾಗೆ ಗುಂಡಗೆ, ಒಂದರ ಪಕ್ಕ ಒಂದು ಕೂತಿವೆ, ಕೆಳಗೆ ಅದೇ ಜಾಗದಲ್ಲಿ ಐದು, ಐದು — ಎಷ್ಟು ಸಲೀಸು, ಅರ್ಥವನ್ನು ಬೆನ್ನಿಗೇ ಕಟ್ಟಿಕೊಂಡು ಓಡಾಡುತ್ತವೆ ಈ ಕಾರುಗಳು, ನಲವತ್ತೇಳು ವರ್ಷದಲ್ಲಿ ಇಂಥ ಎಷ್ಟು ಕಾರುಗಳ ಹಿಂದೆ ಸಿಗ್ನಲ್ಲಿಗೆ ಕಾದಿಲ್ಲ ನಾನು, ಒಂದು ದಿನವಾದರೂ ಆ ಉರುಟು ನನಗೆ ಚುಚ್ಚಿದ್ದುಂಟಾ, ಇಲ್ಲ, ಇವತ್ತು ಚುಚ್ಚುತ್ತಿದೆ, ಅಮ್ಮಾ ಶೇಖ್ ಝಾಯೆದ್ ರೋಡ್ ಫುಲ್ ಜಾಮ್ ಉಂಟು, ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಸೈಡಿಂದ ಹೋಗುವಾ, ಅನ್ನುತ್ತಾನೆ ಮಗ ಕೀರ್ತನ್, ಹೋಗು ಮಾರಾಯ, ಯಾವ ದಾರಿ ಹಿಡಿದರೂ ಅಬುಧಾಬಿ ಎಲ್ಲಿಗೂ ಓಡಿಹೋಗುವುದಿಲ್ಲ, ಸಭೆ ಐದು ಗಂಟೆಗೆ, ಅದೂ ಐದಕ್ಕೇ ಇಡಬೇಕಿತ್ತಾ ಇವರಿಗೆ, ಗೆಳತಿಯರ ಕೂಟದಿಂದ ಚಂದ್ರಮತಿ ಮೋಹನದಾಸ್ ಅವರಿಗೆ ಸಾರ್ವಜನಿಕ ಸನ್ಮಾನ, ಕಾರ್ಡಿನಲ್ಲಿ ನನ್ನ ಫೋಟೋ ಹತ್ತು ವರ್ಷ ಹಳೆಯದು, ಕೂದಲು ಇನ್ನೂ ಇದ್ದಾಗಿನದು, ದುಬೈಯ ಅಲ್ ಬರ್ಷಾದ ಮನೆಯಿಂದ ಹೊರಡುವಾಗ ಸೆರಗಿಗೆ ಪಿನ್ನು ಚುಚ್ಚುತ್ತ ಮೊಮ್ಮಗಳು ದೀಪ್ತಿ ಮೆಲ್ಲಗೆ ಹೇಳಿದಳು, ಅಜ್ಜಿ, ವಾಯ್ಸ್ ನೋಟ್ ಬಂದಿದೆ, ಥರ್ಟಿ ಎಯ್ಟ್ ಸೆಕೆಂಡ್ಸ್, ಪ್ಲೇ ಮಾಡ್ಲಾ, ಬೇಡ ಅಂದೆ, ಸಭೆ ಮುಗೀಲಿ ಅಂದೆ, ಈಗ ಅವಳು ಹಿಂದಿನ ಸೀಟಿನಲ್ಲಿ ಆ ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು ಕೂತಿದ್ದಾಳೆ. ಮೂವತ್ತೆಂಟು ಸೆಕೆಂಡು. ನಲವತ್ತೆರಡು ವರ್ಷ ಕೇಳದ ಧ್ವನಿ ನನ್ನ ಬೆನ್ನ ಹಿಂದೆಯೇ ಇದೆ.

ಎಲ್ಲ ಆ ದೀಪ್ತಿಯಿಂದಲೇ ಆಯಿತು, ಅಲ್ಲ, ಅವಳನ್ನು ದೂರಿದರೆ ನಾಲಿಗೆ ಬಿದ್ದುಹೋದೀತು, ಸನ್ಮಾನದ ದಿನ ತೋರಿಸುವ ವಿಡಿಯೊಗೆ ಹಳೆಯದೇನಾದರೂ ಬೇಕು ಅಂತ ಹೋದ ಶುಕ್ರವಾರ ಕಪಾಟು ಬಗೆದಳು, ಗೆಳತಿಯರ ಕೂಟದ ಮೊದಲ ಹಾಜರಿ ಪುಸ್ತಕ ಸಿಕ್ಕಿತು, ಹಸಿರು ಬೈಂಡು, ಅದರ ನಡುವೆ ಒಂದು ಚೀಟಿ, ಕ್ಯಾಲೆಂಡರಿನ ಹಾಳೆಯ ತುಂಡು, ಮೇಲೊಂದು ಹೆಸರು, ಕೆಳಗೊಂದು ನಂಬರು, ಹೂ ಈಸ್ ಮಾಜಿದಾ ಅಜ್ಜಿ, ನನ್ನ ಗೆಳತಿ ಅನ್ನಲು ಬಾಯಿ ಬರಲಿಲ್ಲ, ಹಿಂದೆ ಒಂದೇ ಮನೆಯಲ್ಲಿದ್ದವರು, ಭಟ್ಕಳದವರು, ದಮ್ಮಾಮಿಗೆ ಹೋದರು ಅಂದೆ, ಪೋಸ್ಟ್ ಬಾಕ್ಸ್ ಮುನ್ನೂರ ಏಳು, ದಮ್ಮಾಮ್ — ಚೀಟಿ ನೋಡದೆಯೇ ಹೇಳಿದೆ, ಮೊಮ್ಮಗಳ ಹುಟ್ಟಿದ ದಿನ ಮರೆಯುತ್ತೇನೆ, ಆ ನಂಬರು ಮರೆತಿಲ್ಲ, ಅವಳು ಚೀಟಿಯನ್ನು ಬೆಳಕಿಗೆ ಹಿಡಿದಳು, ಅಜ್ಜಿ, ದಟ್ಸ್ ನಾಟ್ ಅ ಝೀರೋ, ಅವಳು ಇಲ್ಲೇ ಹುಟ್ಟಿದವಳು, ಶಾಲೆಯಲ್ಲಿ ಹತ್ತು ವರ್ಷ ಅರಬಿ ಕಲಿತವಳು, ಲುಕ್, ಮೇಲೆ ಸ್ವಲ್ಪ ಚೂಪು ಉಂಟು, ಇಟ್ಸ್ ಅ ಫೈವ್, ತ್ರೀ ಫೈವ್ ಸೆವೆನ್, ಅಂದು ಚೀಟಿ ನನ್ನ ಕೈಗೆ ಕೊಟ್ಟು ಇನ್ನೊಂದು ಆಲ್ಬಮ್ ತೆಗೆಯಲು ಹೋದಳು. ಕುಕ್ಕರು ಮೂರು ಸಲ ಕೂಗಿತು, ನಾನು ಏಳಲಿಲ್ಲ.

ಐದು ಅಂತ ನನಗೆ ಗೊತ್ತಿಲ್ಲದ್ದಾ, ಅದೇ ನನ್ನನ್ನು ಕೊಲ್ಲುವುದು, ಜಗತ್ತಿನಲ್ಲಿ ಮಾಜಿದಾ ಐದನ್ನು ಉರುಟಾಗಿ ಬರೆಯುತ್ತಾಳೆ ಅಂತ ಗೊತ್ತಿದ್ದ ಒಬ್ಬಳೇ ಹೆಂಗಸು ನಾನು, ಎಪ್ಪತ್ತೆಂಟರಲ್ಲಿ ಅಬುಧಾಬಿಗೆ ಬಂದಿಳಿದಾಗ ನನಗೆ ಇಪ್ಪತ್ತನಾಲ್ಕು, ಕಾಪುವಿನಿಂದ ಬಂದವಳು, ಹಿಂದಿ ಬಾರದು, ಗಂಡ ಮೋಹನದಾಸರಿಗೆ ಕಂಪೆನಿಯ ಸ್ಟೋರಿನಲ್ಲಿ ಕೆಲಸ, ಎರಡು ಕೋಣೆಯ ಮನೆ, ಒಂದು ಕೋಣೆ ನಮಗೆ, ಇನ್ನೊಂದು ಬಟ್ಟೆ ಅಂಗಡಿಯ ಅತಾಉರ್ರಹ್ಮಾನರಿಗೆ, ನಡುವೆ ಒಂದೇ ಅಡುಗೆಮನೆ, ಅದರಲ್ಲಿ ಅವರ ಹೆಂಡತಿ ಮಾಜಿದಾ ಬೆನ್ನು ಹಾಕಿ ಮೀನು ಹೆಚ್ಚುತ್ತಿದ್ದಳು, ತಿರುಗದೆಯೇ ಕನ್ನಡದಲ್ಲಿ ಕೇಳಿದಳು, ನಿಮ್ಮಲ್ಲಿ ಬಂಗ್ಡೆಗೆ ಹುಳಿ ಎಂತ ಹಾಕ್ತ್ರಿ — ಆ ಮಾತು ಕೇಳಿ ನಾನು ಅಳು ತಡೆಯಲಾಗದೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟೆ, ಆರು ತಿಂಗಳ ಮೇಲೆ ಒಂದು ದಿನ ಅವಳು ಜ್ವರದ ಮಗುವನ್ನು, ಫರಾಝ್‌ನನ್ನು, ಎತ್ತಿಕೊಂಡು ಆಸ್ಪತ್ರೆಗೆ ಹೋದವಳು ಬೆಳಗಿನಿಂದ ಮಧ್ಯಾಹ್ನದವರೆಗೆ ಟೋಕನ್ ಹಿಡಿದು ಕೂತಿದ್ದಳು, ಟೋಕನ್ನಿನಲ್ಲಿ ಇದ್ದದ್ದು ಇಂಗ್ಲಿಷಿನ ಐವತ್ತೈದು, ಆ ಅಂಕಿ ಇವಳಿಗೆ ಪರಿಚಯವೇ ಇಲ್ಲ, ಕೂಗಿದ್ದು ತನ್ನ ನಂಬರು ಅಂತ ತಿಳಿಯಲಿಲ್ಲ, ಜನ ಖಾಲಿಯಾದ ಮೇಲೆ ನರ್ಸ್ ಬಂದು ಖಲಾಸ್, ಸಂಜೆ ಬಾ ಅಂದಳಂತೆ, ಮನೆಗೆ ಬಂದು ಮಗುವನ್ನು ನನ್ನ ಮಡಿಲಿಗೆ ಹಾಕಿ, ಚಂದ್ರಕ್ಕಾ ನಂಗೆ ನಂಬರು ಕಲ್ಸಿ ಅಂದಳು. ಮರುದಿನವೇ ಅಡುಗೆಮನೆಯ ನೆಲದ ಮೇಲೆ ಕೂತೆವು, ಅವಳ ಗಂಡನ ಅಂಗಡಿಯ ಹಳೆ ಕ್ಯಾಲೆಂಡರಿನ ಹಾಳೆ ನಮ್ಮ ಪುಸ್ತಕ.

ಒಂದರಿಂದ ನಾಲ್ಕರವರೆಗೆ ಬೇಗ ಬಂತು, ಐದು ಬಂದರೆ ಅವಳ ಕೈ ತಾನಾಗಿ ಉರುಟು ಬರೆಯುತ್ತದೆ, ಉರ್ದು ಶಾಲೆಯ ಕೈ, ಮದರಸಾದ ಕೈ, ಇದು ಸೊನ್ನೆ ಮಾರಾಯ್ತಿ ಅಂತ ನಾನು, ಇದು ಐದೇ ಚಂದ್ರಕ್ಕಾ, ಸೊನ್ನೆ ಅಂದ್ರೆ ಚುಕ್ಕೆ ಅಲ್ವಾ ಅಂತ ಅವಳು, ನೋಡು, ಇಂಗ್ಲಿಷಿನ ಐದು ಅಂದರೆ ಟೊಪ್ಪಿ ಹಾಕಿದ ಸೇಠು, ಮೇಲೆ ಟೊಪ್ಪಿ, ಕೆಳಗೆ ಹೊಟ್ಟೆ, ಅವಳು ನಕ್ಕು ನಕ್ಕು ಸೆರಗನ್ನು ಬಾಯಿಗೆ ತುರುಕಿಕೊಂಡಳು, ನಾನು ಕೆಂಪು ಪೆನ್ನಿನಲ್ಲಿ ಉರುಟಿಗೆಲ್ಲ ತಪ್ಪು ಹಾಕುತ್ತಿದ್ದೆ, ನನಗೆ ಆಗಲೇ ಟೀಚರಿನ ದರ್ಪ, ಅಂಕಿಯ ಜೊತೆಗೆ ಕನ್ನಡ ಅಕ್ಷರವನ್ನೂ ಕಲಿಸತೊಡಗಿದೆ, ತಿಂಗಳಾಗುವಾಗ ಕಟ್ಟಡದ ಆರು ಹೆಂಗಸರು ಬಂದು ಕೂತರು, ಅವರನ್ನು ಕರೆತಂದದ್ದು ಯಾರು, ನಾನಾ, ನಾನು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ, ಬಾಗಿಲು ಬಡಿಯುತ್ತಿದ್ದವಳು ಅವಳು, ಯಾವ ಬಾಗಿಲ ಹಿಂದೆ ಹೊಸ ಮದುಮಗಳು ಮಾತಿಲ್ಲದೆ ಕೂತಿದ್ದಾಳೆ, ಯಾವ ಗಂಡ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಾನೆ, ಎಲ್ಲ ಅವಳಿಗೆ ಗೊತ್ತು, ಗಂಡಸರು ಬಾಗಿಲು ತೆರೆದರೆ ಹಿಂದಿಯಲ್ಲಿ, ಅರಬಿಯಲ್ಲಿ, ನಮ್ಮ ಕನ್ನಡದಲ್ಲಿ ದಬಾಯಿಸುತ್ತಿದ್ದಳು, ನಾನು ಬಂದು ಹಾಜರಿ ಬರೆಯುತ್ತಿದ್ದೆ, ಅಷ್ಟೆ. ಎಪ್ಪತ್ತೊಂಬತ್ತರ ಒಂದು ಶುಕ್ರವಾರ ಅದಕ್ಕೆ ಗೆಳತಿಯರ ಕೂಟ ಅಂತ ಹೆಸರಿಟ್ಟದ್ದೂ ಅವಳೇ.

ಗೋದಾಮುಗಳು, ಗೋದಾಮುಗಳ ಹಿಂದೆ ಕೆಲಸಗಾರರ ಕಟ್ಟಡಗಳು, ಕಿಟಕಿಗಳಲ್ಲಿ ಒಣಗಲು ಹಾಕಿದ ನೀಲಿ ಸಮವಸ್ತ್ರ, ಈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗಲ್ಲಿಗಳೆಲ್ಲ ನನಗೆ ಗೊತ್ತು, ಆ ಮೂಲೆಯ ಕಟ್ಟಡಕ್ಕೆ ಎಷ್ಟು ಸಲ ಬಂದಿಲ್ಲ, ತೀರಿಕೊಂಡ ಹುಡುಗನ ಶವ ಊರಿಗೆ ಕಳಿಸಲು ಕಾಗದಪತ್ರ, ಓಡಿಬಂದ ಮನೆಗೆಲಸದವಳಿಗೆ ಊರಿಗೆ ಮರಳಲು ಔಟ್‌ಪಾಸ್, ರಕ್ತದಾನ ಶಿಬಿರ, ಕಾನ್ಸುಲೇಟಿನ ಕೌಂಟರಿನಲ್ಲಿ ನನ್ನ ಮುಖ ಕಂಡರೆ ಕುರ್ಚಿ ಬಿಟ್ಟು ಏಳುತ್ತಿದ್ದರು, ಮೇಡಂ ಕೂತ್ಕೊಳ್ಳಿ, ಮೊದಮೊದಲು ಬಾಗಿಲು ಬಡಿಯಲು ಕೈ ಏಳುತ್ತಿರಲಿಲ್ಲ ನನಗೆ, ಕಣ್ಣು ಮುಚ್ಚಿ ಮಾಜಿದಾ ಬಡಿಯುವ ಹಾಗೆ ಬಡಿದೆ, ಮೂರು ಸಲ, ಬೆರಳ ಗಂಟಿನಿಂದ, ಜೋರಾಗಿ, ಆಮೇಲೆ ಅದು ನನ್ನದೇ ರೀತಿ ಅಂತ ಜನ ಹೇಳತೊಡಗಿದರು, ಚಂದ್ರಕ್ಕ ಬಾಗಿಲು ಬಡಿದರೆ ಗೊತ್ತಾಗ್ತದೆ ಅಂತ, ನಾನು ಅಲ್ಲ ಅನ್ನಲಿಲ್ಲ.

ಎಂಬತ್ತಮೂರರಲ್ಲಿ ಅತಾಉರ್ರಹ್ಮಾನರ ಅಣ್ಣ ದಮ್ಮಾಮಿನಲ್ಲಿ ಅಂಗಡಿ ಹಾಕಿದರು, ಇವರೂ ಹೊರಟರು, ಹೋಗುವ ಮುಂಚಿನ ತರಗತಿಯಲ್ಲಿ ಮಾಜಿದಾ ಒಂದರಿಂದ ನೂರರವರೆಗೆ ಬರೆದು ತೋರಿಸಿದಳು, ಐದೆಲ್ಲ ಟೊಪ್ಪಿ ಹೊಟ್ಟೆಯ ಸೇಠುಗಳು, ಒಂದೂ ಉರುಟಿಲ್ಲ, ನಾನು ಎಲ್ಲರೆದುರು ಹಾಳೆ ಎತ್ತಿ ಹಿಡಿದೆ, ನೋಡಿ, ಇನ್ನು ಇವಳು ತಪ್ಪುವುದಿಲ್ಲ, ಹೊರಡುವ ದಿನ ಕೆಳಗೆ ಟ್ಯಾಕ್ಸಿ, ಯಲ್ಲಾ ಯಲ್ಲಾ ಅಂತ ಹಾರ್ನು, ಅವಳು ಅಡುಗೆಮನೆಗೆ ಓಡಿಬಂದು ಗೋಡೆಯ ಕ್ಯಾಲೆಂಡರ್ ಹರಿದು ಹೆಸರು, ಪೋಸ್ಟ್ ಬಾಕ್ಸ್ ನಂಬರು ಬರೆದಳು, ಅಳುತ್ತ ಬರೆದಳು, ಮೂರೂ ಏಳೂ ಇಂಗ್ಲಿಷಿನವೇ, ನಡುವಿನದು ಮಾತ್ರ ಉರುಟು, ಅವಸರದಲ್ಲಿ ಕೈ ತಾನು ಹುಟ್ಟಿದ ಊರಿಗೆ ಹೋಗುತ್ತದೆ ಅಂತ ನನಗೆ ಹೊಳೆಯಬೇಡವಾ, ನಾನು ಆ ನಂಬರನ್ನು ಓದಲಿಲ್ಲ, ನನ್ನ ಪಾಠವನ್ನು ಓದಿಕೊಂಡೆ, ನಾನು ಕಲಿಸಿದವಳು, ಐದಾಗಿದ್ದರೆ ಸೇಠನ್ನೇ ಬರೆಯುತ್ತಿದ್ದಳು, ಹಾಗಾದರೆ ಇದು ಸೊನ್ನೆ, ಮುನ್ನೂರ ಏಳು. ಚೀಟಿಯನ್ನು ಹಾಜರಿ ಪುಸ್ತಕದಲ್ಲಿಟ್ಟೆ.

ಮರುತಿಂಗಳೇ ಮೋಹನದಾಸರು ಕಂಪೆನಿ ಬಿಟ್ಟು ದುಬೈಗೆ ಬಂದರು, ನಮ್ಮ ಬಾಕ್ಸ್ ನಂಬರೂ ಬದಲಾಯಿತು, ಆಗ ಮನೆಗೆ ಅಂಚೆ ಬರುವುದೆಲ್ಲಿ, ಬಾಕ್ಸ್ ನಂಬರೇ ನಮ್ಮ ಮನೆ, ನಮ್ಮ ಬಾಗಿಲು, ಹೊಸ ನಂಬರನ್ನು ಮೊದಲ ಕಾಗದದಲ್ಲೇ ದೊಡ್ಡದಾಗಿ ಬರೆದೆ, ಅವಳಿಗೆ ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರಗಳನ್ನೂ ಬಿಡಿಬಿಡಿಯಾಗಿ ಬರೆದೆ, ಏಳು ಕಾಗದ, ಎರಡು ವರ್ಷ, ಕೀರ್ತನ್ ಶಾಲೆಗೆ ಸೇರಿದ, ಕೂಟಕ್ಕೆ ಅರವತ್ತು ಜನರಾದರು, ನೀನು ಹೋದ ಮೇಲೆ ಬಂಗುಡೆ ರುಚಿಯಿಲ್ಲ ಮಾಜಿದಾ, ಒಂದಕ್ಕೂ ಉತ್ತರವಿಲ್ಲ, ಯಾರೋ ಮುನ್ನೂರ ಏಳರವನು ತನಗೆ ಬಂದ ಆ ಕಾಗದಗಳನ್ನು ಏನು ಮಾಡಿದನೋ, ದೇರಾದಲ್ಲಿ ಭಟ್ಕಳದವರ ಅಂಗಡಿ ಎಷ್ಟು ಬೇಕು ಅಷ್ಟುಂಟು, ಒಂದು ಮಾತು ಕೇಳು ಅಂತ ಇವರು ಹತ್ತು ಸಲ ಹೇಳಿದರು, ದಾಯೆ, ನಾನ್ಯಾಕೆ ಕೇಳಬೇಕು, ಅವಳಿಗೆ ಬೇಡವಾದರೆ ನನಗೂ ಬೇಡ ಅಂದೆ, ಅಂಗಡಿಯ ಮುಂದೆ ಹೋಗುವಾಗ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ, ಯಾರ ಮೇಲಿನ ಸಿಟ್ಟು ಅದು, ಎಷ್ಟು ಪ್ರೀತಿಯಿದ್ದರೆ ಅಷ್ಟು ಸಿಟ್ಟು ಬರುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ, ಹತ್ತನೇ ವರ್ಷದ ಸ್ಮರಣ ಸಂಚಿಕೆಗೆ ಪ್ರೂಫ್ ತಿದ್ದುತ್ತ ಸ್ಥಾಪಕಿಯರು ಅನ್ನುವಲ್ಲಿ ಅದೇ ಕೆಂಪು ಪೆನ್ನಿನಿಂದ ಅವಳ ಹೆಸರು ಹೊಡೆದೆ, ಯರು ಅನ್ನುವುದನ್ನೂ ಹೊಡೆದೆ, ಸ್ಥಾಪಕಿ ಚಂದ್ರಮತಿ, ಮೊದಲ ಫೋಟೋದ ಅಂಚಿನಲ್ಲಿ ಅವಳ ಕೈ ಕಾಣುತ್ತಿತ್ತು, ಫೋಟೋಕ್ಕೆ ನಿಲ್ಲಲೊಲ್ಲದೆ ಪಕ್ಕಕ್ಕೆ ಸರಿದವಳು, ತಿಂಡಿಯ ತಟ್ಟೆ ಹಿಡಿದ ಕೈ ಮಾತ್ರ ಉಳಿದಿತ್ತು, ಅದನ್ನೂ ಕತ್ತರಿಸಲು ಹೇಳಿದೆ. ಆಮೇಲೆ ಭಾಷಣ ಮಾಡಿದಲ್ಲೆಲ್ಲ ಅವಳು ಒಬ್ಬ ಅನಕ್ಷರಸ್ಥ ನೆರೆಯಾಕೆ ಆದಳು, ಒಬ್ಬ ಅನಕ್ಷರಸ್ಥ ನೆರೆಯಾಕೆ ಟೋಕನ್ ಹಿಡಿದು ಅಳುತ್ತ ಬಂದಳು, ನಾನು ಕೂಟ ಕಟ್ಟಿದೆ, ಜನ ಚಪ್ಪಾಳೆ ತಟ್ಟಿದರು.

ಅನಕ್ಷರಸ್ಥೆಯಂತೆ, ಕುರಾನ್ ಓದುತ್ತಿದ್ದಳು, ಉರ್ದುವಿನಲ್ಲಿ ಅಮ್ಮನಿಗೆ ನಾಲ್ಕು ಪುಟ ಬರೆಯುತ್ತಿದ್ದಳು, ನನಗೆ ಬಾರದ ಅಕ್ಷರ ಅಕ್ಷರವೇ ಅಲ್ಲ ಅಂದುಕೊಂಡವಳು ನಾನು — ಬನಿಯಾಸ್ ಅಂತ ಬೋರ್ಡು ಬಂತು, ಇನ್ನು ಅರ್ಧ ಗಂಟೆ, ಚೀಟಿ ಸಿಕ್ಕಿದ ದಿನವೇ ದೀಪ್ತಿ ಕಾಲೇಜಿನ ಗೆಳತಿ ಹುದಾಳನ್ನು ಕೇಳಿದಳು, ಹುದಾ ಭಟ್ಕಳದವಳು, ಅವಳು ತಾಯಿಯನ್ನು ಕೇಳಿದಳು, ತಾಯಿ ಮನೆಯವರ ಗ್ರೂಪಿನಲ್ಲಿ ಹಾಕಿದಳು, ಎರಡು ದಿನ, ಬರೀ ಎರಡು ದಿನ ಸಾಕಾಯಿತು, ಅಜ್ಜಿ ಶೀ ಈಸ್ ಅಲೈವ್, ಭಟ್ಕಳದಲ್ಲೇ ಇದ್ದಾರೆ, ಮಗನ ಮನೆಯಲ್ಲಿ, ನಾನು ಹಲ್ಲುಜ್ಜುತ್ತಿದ್ದವಳು ಬೇಸಿನ್ ಹಿಡಿದು ನಿಂತೆ, ಆಮೇಲೆ ಇವತ್ತು ಆ ಧ್ವನಿ, ಈಗಲೇ ಕೇಳು ಅಂದರೆ ಕೇಳಬಹುದು, ಕೇಳಿದ ಮೇಲೆ ಅವಳು ಕ್ಷಮಿಸಿದ್ದಾಳೆ ಅಂತಾದರೆ ವೇದಿಕೆಯಲ್ಲಿ ಅವಳ ಹೆಸರು ಹೇಳುವುದು ಏನು ದೊಡ್ಡ ವಿಷಯ, ಬೈದಿದ್ದಾಳೆ ಅಂತಾದರೆ ಹೇಳುತ್ತೇನೆ ಅನ್ನುವ ಧೈರ್ಯ ನನಗಿಲ್ಲ, ನನ್ನನ್ನು ನಾನು ಬಲ್ಲೆ, ಆದ್ದರಿಂದ ಮೊದಲು ಹೇಳಬೇಕು, ಆಮೇಲೆ ಕೇಳಬೇಕು, ಹೇಳುತ್ತೇನಾ, ಎಪ್ಪತ್ತೊಂದು ವರ್ಷಕ್ಕೆ ಸಿಕ್ಕುವ ಶಾಲು, ಅದರಲ್ಲಿ ಅರ್ಧ ಕೊಡಲು ಮನಸ್ಸು ಬರುತ್ತದಾ, ಬರುತ್ತದೆ, ಇಲ್ಲ, ಗೊತ್ತಿಲ್ಲ. ಸೌದಿ ಕಾರು ಎಲ್ಲೋ ಹಿಂದೆ ಬಿತ್ತು, ಉರುಟು ಮಾತ್ರ ಕಣ್ಣ ಮುಂದೆಯೇ ಇದೆ.

ಹಾರ, ಮಲ್ಲಿಗೆ, ಕಾಲಿಗೆ ಬೀಳಲು ಬರುವ ಹುಡುಗಿಯರು, ಏಳಮ್ಮಾ ಏಳು, ವೇದಿಕೆಯ ಕುರ್ಚಿಗೆ ಬಿಳಿ ಬಟ್ಟೆ, ಈಗಿನ ಅಧ್ಯಕ್ಷೆ ಭವ್ಯಶ್ರೀ ಸನ್ಮಾನ ಪತ್ರ ಓದುತ್ತಿದ್ದಾಳೆ, ಮರುಭೂಮಿಯಲ್ಲಿ ಕನ್ನಡದ ಸಸಿ ನೆಟ್ಟ, ಅಯ್ಯೋ, ಯಾರು ಬರೆದುಕೊಟ್ಟರೋ, ಒಬ್ಬಂಟಿಯಾಗಿ ಈ ಕೂಟವನ್ನು ಸ್ಥಾಪಿಸಿ, ಏಕೈಕ ಸ್ಥಾಪಕಿಯಾಗಿ, ಎದುರು ಮೂರನೇ ಸಾಲಿನಲ್ಲಿ ದೀಪ್ತಿ ನನ್ನನ್ನೇ ನೋಡುತ್ತಿದ್ದಾಳೆ, ಶಾಲು ಹೊದೆಸಿದರು, ಮೈಕು ಕೊಟ್ಟರು, ಬರೆದು ತಂದ ಭಾಷಣ ಕೈಯಲ್ಲಿದೆ, ಅದರ ಮೂರನೇ ಸಾಲಿನಲ್ಲೇ ಅನಕ್ಷರಸ್ಥ ನೆರೆಯಾಕೆ ಕೂತಿದ್ದಾಳೆ, ಪ್ರತಿಸಲವೂ ಕೂರುತ್ತಾಳೆ, ಕಾಗದ ಮಡಚಿದೆ, ಒಬ್ಬಂಟಿಯಾಗಿ ಅಲ್ಲ ಅಂದೆ, ಮೈಕು ಕಿರುಚಿತು, ಇನ್ನೊಮ್ಮೆ ಅಂದೆ, ಒಬ್ಬಂಟಿಯಾಗಿ ಅಲ್ಲ, ಬಾಗಿಲು ಬಡಿದವಳು ಮಾಜಿದಾ, ಭಟ್ಕಳದ ಮಾಜಿದಾ ಅತಾಉರ್ರಹ್ಮಾನ್, ಹೆಸರಿಟ್ಟವಳೂ ಅವಳೇ, ನಾನು ಅವಳ ಹೆಸರು ಹೊಡೆದುಹಾಕಿದೆ, ಸಿಟ್ಟಿನಲ್ಲಿ ಹೊಡೆದೆ, ತಪ್ಪು ನನ್ನದು — ಚಪ್ಪಾಳೆ ಬಿತ್ತು, ಎಲ್ಲದಕ್ಕೂ ತಟ್ಟುವ ಅದೇ ಚಪ್ಪಾಳೆ, ಎಂಥ ವಿನಯ ನೋಡಿ ನಮ್ಮ ಚಂದ್ರಕ್ಕನದ್ದು ಅಂತ ಭವ್ಯಶ್ರೀ ಮೈಕು ತೆಗೆದುಕೊಂಡಳು, ವಿನಯವಂತೆ, ಹೇಳಿದರೂ ಕೇಳದವರಿಗೆ ಎಂತ ಮಾಡುವುದು. ಪರವಾಗಿಲ್ಲ, ಹೇಳಿ ಆಯಿತು, ಮುಂದಿನದು ನೃತ್ಯ ಕಾರ್ಯಕ್ರಮ.

ವೇದಿಕೆಯ ಹಿಂದಿನ ಕೋಣೆ, ಮೇಕಪ್ಪಿನ ಡಬ್ಬಗಳು, ಗೆಜ್ಜೆ ಕಟ್ಟಿಕೊಳ್ಳುವ ಮಕ್ಕಳು, ಈಗ ಹಾಕು ಅಂದೆ, ದೀಪ್ತಿ ಫೋನನ್ನು ನನ್ನ ಕಿವಿಗೆ ಹಿಡಿದಳು, ಮೊದಲು ಬರೀ ಉಸಿರು, ದೂರದಲ್ಲಿ ಕಾಗೆ, ಒತ್ತಿದ್ಯಾ ಅಂತ ಯಾರನ್ನೋ ಕೇಳುವುದು, ಮುದುಕಿಯ ಧ್ವನಿ, ಇದಲ್ಲ, ಇದು ಅವಳಲ್ಲ, ಆಮೇಲೆ — ಚಂದ್ರಕ್ಕಾ — ಅವಳೇ, ಕೊನೆಯ ಕಾ ಎಳೆಯುವುದು ಅವಳೇ — ಚಂದ್ರಕ್ಕಾ, ನಾ ಒಂಬತ್ತು ಕಾಗ್ದ ಹಾಕಿದ್ದೆ, ನೀವು ಕಲ್ಸಿದ ಕನ್ನಡದಲ್ಲೇ, ಒಂಬತ್ತೂ ವಾಪಸ್ ಬಂತು, ನಂಗೆ ಮರ್ಯಾದೆ ಹೋದ ಹಾಗಾಯ್ತು, ಆಮೇಲೆ ಬರೀಲಿಲ್ಲ, ಈಗಾದ್ರೂ ಹೇಳಿ, ನನ್ನಿಂದ ಎಂತ ತಪ್ಪಾಯ್ತು — ಮುಗಿಯಿತು, ಮೂವತ್ತೆಂಟು ಸೆಕೆಂಡು ಇಷ್ಟೇಯಾ, ವಾಪಸ್, ಹಳೆಯ ಕಂಪೆನಿಯ ಬಾಕ್ಸು, ನಾವು ಬಿಟ್ಟುಬಂದ ಬಾಕ್ಸು, ಅಲ್ಲಿಂದ ವಾಪಸ್, ನಾನು ಓದದೆ ಹಿಂದಿರುಗಿಸಿದೆ ಅಂದುಕೊಂಡಳು, ನಲವತ್ತೆರಡು ವರ್ಷ ಅವಳು ತನ್ನ ತಪ್ಪು ಹುಡುಕುತ್ತ ಕೂತಿದ್ದಾಳೆ, ನಾನು ಹಾಕಿದ ಕೆಂಪು ಗೀಟುಗಳೆಲ್ಲ ನೆನಪಿರಬೇಕು ಅವಳಿಗೆ, ತಪ್ಪಲ್ಲ ಮಾಜಿದಾ, ನೀನು ಸರಿಯಾಗಿಯೇ ಬರೆದಿದ್ದೆ, ಅಜ್ಜಿ ಅಳ್ಬೇಡಿ, ಕಾಜಲ್ ಹೋಗ್ತದೆ, ಕಾಲ್ ಮಾಡುವಾ, ಹುದಾ ನಂಬರ್ ಕಳ್ಸಿದ್ದಾಳೆ, ಐ'ಲ್ ಸೇವ್ ಇಟ್, ಬೇಡ, ಹೇಳು, ನಾನೇ ಬರೆದುಕೊಳ್ಳುತ್ತೇನೆ, ಆಮಂತ್ರಣ ಪತ್ರಿಕೆಯನ್ನು ಮಗುಚಿದೆ, ಬೆನ್ನು ಖಾಲಿ, ಯಾರದ್ದೋ ಐಬ್ರೋ ಪೆನ್ಸಿಲ್ ಸಿಕ್ಕಿತು, ಹೊರಗೆ ಹಾಡು ಜೋರಾಯಿತು, ಬೇಗ ಹೇಳು, ನೈನ್, ಒಂಬತ್ತು, ಫೋರ್, ನಾಲ್ಕು, ಫೋರ್, ನಾಲ್ಕು, ಎಯ್ಟ್, ಎಂಟು, ಫೈವ್, ಐದು — ಅಜ್ಜಿ ದೆನ್ ಟೂ, ಬರೆದ್ರಾ, ಅಜ್ಜಿ, ಟೂ — ಟೊಪ್ಪಿ ಇಲ್ಲ, ಹೊಟ್ಟೆ ಇಲ್ಲ, ನನ್ನ ಕೈಯೇ ಬರೆದದ್ದು, ಅಳುತ್ತ, ಅವಸರದಲ್ಲಿ ಬರೆದದ್ದು, ಮೇಲೆ ಸ್ವಲ್ಪ ಚೂಪು, ಉರುಟು, ಐದು, ಉರುಟು